ಅಪ್ಪ ಕೂತಿದ್ದ ಮತಗಟ್ಟೆ

ಅಪ್ಪ ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರು. ಚರಿತ್ರೆ, ಭೂಗೋಳ ಎರಡನ್ನೂ ಬೇಗಬೇಗ ಮುಗಿಸಿ ಪೌರನೀತಿಗೆ ಬರುತ್ತಿದ್ದ. ಉಳಿದ ಮೇಷ್ಟ್ರುಗಳು ಪರೀಕ್ಷೆ ಹತ್ತಿರ ಬಂದಾಗ ಗಡಿಬಿಡಿಯಲ್ಲಿ ಓದಿಸಿ ಕೈತೊಳೆದುಕೊಳ್ಳುತ್ತಿದ್ದ ಆ ತೆಳ್ಳನೆಯ ಪುಸ್ತಕವನ್ನು ಅಪ್ಪ ವರ್ಷವಿಡೀ ಕಲಿಸುತ್ತಿದ್ದ. ಮನೆಯಲ್ಲೂ ಅದೇ ಹುಚ್ಚು. ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಹಿಂಭಾಗದ ಎರಡು ಕೋಣೆಗಳಲ್ಲಿ ನಾವು ಬಾಡಿಗೆಗೆ ಇದ್ದೆವು. ಅಪ್ಪ, ಅವ್ವ, ನಾನು. ರಾತ್ರಿ ಅಡುಗೆಗೆ ಬೇಳೆಯೋ ಹುಳಿಯೋ ಎಂಬುದನ್ನೂ ಕೈ ಎತ್ತಿಸಿ ತೀರ್ಮಾನ ಮಾಡುತ್ತಿದ್ದ. "ನೀವಿಬ್ಬರೂ ಆರಾಮ ಕೈ ಎತ್ತತೀರಿ, ಒಲಿ ಮುಂದ ಕುಂದ್ರಾಕಿ ಮಾತ್ರ ನಾನು" ಎಂದು ಅವ್ವ ಗೊಣಗುತ್ತಿದ್ದಳು. ಅಪ್ಪ ನಗುತ್ತಿದ್ದ.

ಅಪ್ಪನ ಊರು ಕುರುಗೋಡು. ಬೇಸಿಗೆ ರಜೆ ಬಂದರೆ, ಹಬ್ಬ ಬಂದರೆ, ಯಾವ ನೆಪ ಸಿಕ್ಕರೂ ಅಲ್ಲಿಗೆ ಹೋಗುತ್ತಿದ್ದೆವು. ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗ, ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ, ಒಂದು ಚುನಾವಣೆಗೆ ಅಲ್ಲಿದ್ದೆವು. ಅಜ್ಜಿ ಅದಕ್ಕೂ ಮೊದಲು ಮತ ಹಾಕಿದವಳೇ. ಆದರೆ ದೊಡ್ಡಪ್ಪ ಬೆಳಿಗ್ಗೆ ಯಾವ ಚಿತ್ರ ಹೇಳುತ್ತಾರೋ ಅದಕ್ಕೆ ಮುದ್ರೆ ಒತ್ತಿ ಬರುತ್ತಿದ್ದಳು. ಆ ಸಲ ಅಪ್ಪನೇ ಅವಳ ಕೈ ಹಿಡಿದು ಶಾಲೆಯ ತನಕ ಕರೆದುಕೊಂಡು ಹೋದ. ನಾನೂ ಹಿಂದೆ ಇದ್ದೆ. ಕಲ್ಲುಗುಡ್ಡದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ದಾರಿಯುದ್ದಕ್ಕೂ ಅಪ್ಪ ಅವಳಿಗೆ ಒಂದೇ ಮಾತು ಹೇಳುತ್ತಿದ್ದ. ಒಳಗೆ ನೀನೊಬ್ಬಳೇ ಇರುತ್ತೀ, ನಿನ್ನ ಕೈ ಯಾರಿಗೂ ಕಾಣುವುದಿಲ್ಲ, ಹೊರಗೆ ಬಂದ ಮೇಲೆ ಯಾರಿಗೂ ಹೇಳಬೇಕಾಗಿಲ್ಲ, ನನಗೂ ಹೇಳಬೇಡ.

ಅಜ್ಜಿ ಹೊರಗೆ ಬಂದಳು. ಮನೆಯ ಕಟ್ಟೆಯ ಮೇಲೆ ಕೂತಿದ್ದ ದೊಡ್ಡಪ್ಪ ಯಾವುದಕ್ಕೆ ಹಾಕಿದೆ ಎಂದು ಸಹಜವಾಗಿ ಕೇಳಿದರು. ಅಜ್ಜಿ ಅಪ್ಪನ ಮುಖ ನೋಡಿದಳು.

"ಅಣ್ಣಾ, ಅದನ್ನ ಕೇಳಬಾರದು" ಎಂದ ಅಪ್ಪ. "ಅದು ಆಕಿದು. ಆಕಿ ಮಗ ಅಂತ ನಿನಗ ಕೇಳಾಕ ಹಕ್ಕಿಲ್ಲ, ನನಗೂ ಇಲ್ಲ."

ದೊಡ್ಡಪ್ಪನಿಗೆ ಸಿಟ್ಟು ಬಂತು. ಆ ಸಂಜೆ ಅಣ್ಣತಮ್ಮಂದಿರು ಒಟ್ಟಿಗೆ ಊಟಕ್ಕೆ ಕೂರಲಿಲ್ಲ. ಅಜ್ಜಿಗೆ ಮಾತ್ರ ಅದೇನೋ ಗೆಲುವು. ತನ್ನದೇ ಆದ ಒಂದು ಗುಟ್ಟು ಅವಳಿಗೆ ಜೀವನದಲ್ಲಿ ಮೊದಲ ಸಲ ಸಿಕ್ಕಿತ್ತು ಎಂದು ಕಾಣುತ್ತದೆ. ಪಕ್ಕದಲ್ಲಿ ಮಲಗಿ ನಾನು ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ.

ಅಪ್ಪ ಧೈರ್ಯವಂತ ಎಂದು ಊರಿಗೆ ಗೊತ್ತಾದದ್ದು ತುರ್ತು ಪರಿಸ್ಥಿತಿಯ ಕಾಲದಲ್ಲಿ. ನಾನಾಗ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದೆ. ಮೂಲಭೂತ ಹಕ್ಕುಗಳ ಪಾಠವನ್ನು ಈ ವರ್ಷ ಹೆಚ್ಚು ವಿವರಿಸುವುದು ಬೇಡ, ಪುಸ್ತಕದಲ್ಲಿ ಇದ್ದಷ್ಟು ಓದಿಸಿ ಮುಂದೆ ಹೋಗಿ ಎಂದು ಹೆಡ್‌ಮಾಸ್ತರು ಅಪ್ಪನನ್ನು ಕರೆದು ಹೇಳಿದರಂತೆ. ಅಪ್ಪ ಹೂಂ ಎಂದು ಬಂದು, ಆ ಪಾಠವನ್ನು ಎಂದಿಗಿಂತ ನಿಧಾನವಾಗಿ ಕಲಿಸಿದ. ಹಕ್ಕನ್ನು ಸರಕಾರ ತನ್ನ ಕಿಸೆಯಿಂದ ತೆಗೆದು ಕೊಟ್ಟದ್ದಲ್ಲ, ಹಾಗಾಗಿ ಈಗ ಅದನ್ನು ತಡೆಹಿಡಿದಿದ್ದರೂ ಅದು ನಿಮ್ಮದೇ, ನಿಮ್ಮದು ಯಾವುದು ಎಂಬುದನ್ನು ಮರೆಯಬೇಡಿ ಎಂದು ತರಗತಿಯಲ್ಲಿ ಹೇಳಿದನಂತೆ. ಯಾರೋ ಚಾಡಿ ಹೇಳಿದರು. ಅಪ್ಪನನ್ನು ಇಲಾಖೆಯ ಕಚೇರಿಗೆ ಕರೆಸಿ, ಅರ್ಧ ದಿನ ವರಾಂಡದಲ್ಲಿ ನಿಲ್ಲಿಸಿ, ಎಚ್ಚರಿಕೆ ಕೊಟ್ಟು ಕಳಿಸಿದರು. ಆ ದಿನವೆಲ್ಲ ಅವ್ವ ಬಾಗಿಲಲ್ಲೇ ಇದ್ದಳು. ರಸ್ತೆಯಲ್ಲಿ ಜೀಪಿನ ಸದ್ದು ಕೇಳಿದರೆ ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಅಪ್ಪ ಬಂದವನೇ ಅಂಗಿ ಗೂಟಕ್ಕೆ ಹಾಕಿ, ಹಸಿವು ಅಂದ. ರೊಟ್ಟಿ ಮುರಿಯುತ್ತ, "ವರ್ಗಾ ಮಾಡಬಹುದು. ದೂರದ ಹಡಗಲಿಗೆ ಹಾಕಿದ್ರೂ ಅಲ್ಲೂ ಹುಡುಗ್ರು ಇರತಾವಲ್ಲ" ಎಂದು ನಕ್ಕ. ಅವನ ಎದುರು ಕೂತಿದ್ದ ನನಗೆ ಇಂಥ ಅಪ್ಪನ ಮಗಳಾದದ್ದಕ್ಕೆ ಎದೆ ಉಬ್ಬಿತ್ತು. ಇದನ್ನು ಇಷ್ಟು ಬಿಡಿಸಿ ಬರೆಯುತ್ತಿರುವುದು ಯಾಕೆಂದರೆ, ಮುಂದೆ ಆದದ್ದು ಒಬ್ಬ ಅಂಜುಬುರುಕನಿಂದ ಆಗಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಬಿ.ಎ. ಮುಗಿಯುತ್ತಿದ್ದಂತೆ ನನ್ನ ಮದುವೆಯಾಯಿತು. ಸಿರುಗುಪ್ಪದ ಮನೆ. ಮಾವನವರದು ಭತ್ತದ ಗಿರಣಿ. ಕಾಲುವೆ ನೀರು ಬಂದ ಮೇಲೆ ಆ ಸೀಮೆಯಲ್ಲಿ ಭತ್ತ ಬೆಳೆದದ್ದೇ ಬೆಳೆದದ್ದು, ಗಿರಣಿಯವರ ಮಾತಿಗೆ ತೂಕ ಬಂದದ್ದೂ ಆಗಲೇ. ಒಳ್ಳೆಯ ಮನೆಯೇ. ಯಾರೂ ನನಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಮಾವನವರು ಬಂದವರ ಮುಂದೆಲ್ಲ "ನಮ್ಮ ಸೊಸಿ ಬಿ.ಎ. ಆಗ್ಯಾಳ" ಎಂದು ಹೇಳಿಕೊಳ್ಳುತ್ತಿದ್ದರು. ಮುಂದೆ ಓದುತ್ತೇನೆಂದರೆ ಓದಿಸುತ್ತೇವೆ ಎಂದು ಮಾತು ಕೊಟ್ಟಿದ್ದರು. ಅತ್ತೆ ಕಡಿಮೆ ಮಾತಿನ ಹೆಂಗಸು. ಗಂಡ ಗಿರಣಿಯ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಒಬ್ಬಳು ನಾದಿನಿ, ನನಗಿಂತ ಮೂರ್ನಾಲ್ಕು ವರ್ಷ ಚಿಕ್ಕವಳು, ಇನ್ನೂ ಮತ ಹಾಕುವ ವಯಸ್ಸಾಗಿರಲಿಲ್ಲ. ಆಗ ಇಪ್ಪತ್ತೊಂದು ತುಂಬಿರಬೇಕಿತ್ತು. ಬಂದ ದಿನದಿಂದ ನನ್ನ ಹಿಂದೆಯೇ ಸುತ್ತುತ್ತಿದ್ದಳು, ನನ್ನ ಹಾಗೆಯೇ ಜಡೆ ಹಾಕಿಕೊಳ್ಳುತ್ತಿದ್ದಳು.

ಸ್ವಲ್ಪ ದಿನಕ್ಕೆ ಚುನಾವಣೆ ಬಂತು. ಮತದಾರರ ಪಟ್ಟಿಯಲ್ಲಿ ನನ್ನ ಹೆಸರು ಗಂಡನ ಹೆಸರಿನ ಕೆಳಗೆ ಸೇರಿತ್ತು. ನಿಂತವರಲ್ಲಿ ಒಬ್ಬರು ಮಾವನವರಿಗೆ ಬೇಕಾದವರು. ಅವರ ಕಡೆಯವರು ನಮ್ಮ ಅಂಗಳದಲ್ಲಿ ಚಹಾ ಕುಡಿದು ತೆಕ್ಕಲಕೋಟೆಗೆ, ಕೆಂಚನಗುಡ್ಡದ ಕಡೆಯ ಹಳ್ಳಿಗಳಿಗೆ ಮೈಕು ಕಟ್ಟಿದ ಜೀಪಿನಲ್ಲಿ ಹೋಗುತ್ತಿದ್ದರು. ಆ ಅಭ್ಯರ್ಥಿಗೆ ಮುಂದೆ ನಡೆದ ಯಾವುದೂ ಗೊತ್ತಿರಲಿಲ್ಲ, ಅದನ್ನು ಹೇಳಲೇಬೇಕು.

ಒಂದು ದಿನ ಊಟದ ಹೊತ್ತಿಗೆ ಮಾವನವರು ಎಲ್ಲರಿಗೂ ಕೇಳಿಸಿಕೊಳ್ಳಲು ಹೇಳಿ ಆ ಅಭ್ಯರ್ಥಿಯ ಚುನಾವಣಾ ಗುರುತಿನ ಹೆಸರು ಹೇಳಿದರು. ಗಂಡ ತಲೆ ಅಲ್ಲಾಡಿಸಿದರು. ನಾನು ಬಡಿಸುತ್ತಿದ್ದೆ. ಮಾವನವರು ನನ್ನತ್ತ ತಿರುಗಿ, "ನೀನೂ ಅದಕ್ಕ ಹೌದಲ್ಲವಾ?" ಎಂದರು.

"ಅದು ಹೇಳೋದಲ್ರೀ ಮಾವಾರ" ಎಂದೆ.

ನಗುನಗುತ್ತಲೇ ಹೇಳಿದೆ. ಎದುರಾಡಬೇಕೆಂದು ಹೇಳಿದ್ದಲ್ಲ. ನಿಜ ಹೇಳಬೇಕೆಂದರೆ ಅವರ ಮನುಷ್ಯನಿಗೇ ಹಾಕುವ ಮನಸ್ಸು ನನಗೆ ಅರ್ಧ ಇತ್ತು. ಊರಿಗೆ ಹೆಣ್ಣುಮಕ್ಕಳ ಹೈಸ್ಕೂಲು ತರಿಸುತ್ತೇನೆ ಎಂದು ಅವರು ಭಾಷಣದಲ್ಲಿ ಹೇಳಿದ್ದರು. ಆದರೆ ಹಾಕುವುದು ಒಂದು, ಹೇಳುವುದು ಇನ್ನೊಂದು ಎಂದು ನನ್ನ ಅಪ್ಪ ಕಲಿಸಿದ್ದ. ಮಾವನವರೂ ನಕ್ಕರು. ಮಜ್ಜಿಗೆ ಹಾಕಿಸಿಕೊಂಡು ಎದ್ದರು. ಆ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಮತದಾನದ ಹಿಂದಿನ ದಿನ ಮಧ್ಯಾಹ್ನ ಗಿರಣಿಯ ಗುಮಾಸ್ತರು ಬಂದು ಒಂದು ಸುದ್ದಿ ಹೇಳಿದರು. ಬಳ್ಳಾರಿಯಿಂದ ಬಂದ ಮೇಷ್ಟ್ರುಗಳಲ್ಲಿ ನಿಮ್ಮ ಅಪ್ಪಾರೂ ಇದ್ದಾರೆ, ನಮ್ಮ ಓಣಿಯ ಶಾಲೆಯ ಹೆಣ್ಣುಮಕ್ಕಳ ಬೂತಿಗೆ ಅವರೇ ಅಧಿಕಾರಿ. ನನಗೆ ಕುಣಿಯುವುದೊಂದು ಬಾಕಿ. ನನ್ನ ಮೊದಲ ಮತ, ಅದೂ ಅಪ್ಪನ ಕಣ್ಣೆದುರಿಗೆ. ನಾದಿನಿಯನ್ನು ಕರೆದು ಹೇಳಿದೆ. ಅವಳು ಯಾಕೋ ನೆಲ ನೋಡಿದಳು. ಆಗ ಅದು ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಮದುವೆಯಾದ ಮೇಲೆ ಅಪ್ಪ ನನ್ನ ಕೈ ಅಡುಗೆ ಉಂಡಿರಲಿಲ್ಲ. ಎಣಗಾಯಿ, ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಎಲ್ಲ ಮಾಡಿ ಕ್ಯಾರಿಯರ್‌ಗೆ ತುಂಬಿದೆ. ಸಂಜೆ ಮಾವನವರು ತಾವೇ ತೆಗೆದುಕೊಂಡು ಹೋಗುತ್ತೇನೆಂದರು. ಬೀಗರನ್ನು ಮಾತಾಡಿಸಿದ ಹಾಗೂ ಆಯಿತು ಎಂದರು. ದೀಪ ಹಚ್ಚುವ ಹೊತ್ತಿಗೆ ವಾಪಸು ಬಂದರು. ಕ್ಯಾರಿಯರ್ ಹಾಗೆಯೇ ತುಂಬಿತ್ತು.

"ನಿಮ್ಮಪ್ಪ ಭಾಳ ಖಡಕ್ ಮನುಷ್ಯ" ಎಂದು ನಕ್ಕರು. "ಡ್ಯೂಟಿ ಮ್ಯಾಲ ಇದ್ದಾಗ ಯಾರ ಮನೀದೂ ಉಣ್ಣಂಗಿಲ್ಲಂತ."

ಮಾಡಿದ ಅಡುಗೆ ವಾಪಸು ಬಂದದ್ದಕ್ಕೆ ನನಗೆ ಬೇಸರವಾಗಲಿಲ್ಲ. ಹೆಮ್ಮೆಯಾಯಿತು. ಅತ್ತೆಯ ಎದುರು, ನೋಡಿ ನಮ್ಮಪ್ಪ ಹೀಗೆ, ಎಂದು ಹೇಳಿಕೊಂಡೆ. ಅತ್ತೆ ರೊಟ್ಟಿಗಳನ್ನು ಬುಟ್ಟಿಗೆ ಹಾಕಿ ಮುಚ್ಚಿಟ್ಟರು.

ಮರುದಿನ ಬೆಳಿಗ್ಗೆ ನಾದಿನಿ ನನ್ನ ಹತ್ತಿರ ಬಂದು, ಅತ್ತಿಗಿ, ನಿನ್ನ ಸೀರೆ ಒಂದು ಉಡಿಸು, ನನಗೆ ಹೇಗೆ ಕಾಣುತ್ತದೆ ನೋಡಬೇಕು, ಗೆಳತಿಯ ಮನೆಗೆ ಹೋಗಿ ಬರುತ್ತೇನೆ ಎಂದಳು. ಅವಳು ಯಾವಾಗಲೂ ಲಂಗ ದಾವಣಿಯವಳು. ನಾನು ಪೆಟ್ಟಿಗೆ ತೆಗೆದು ನನ್ನ ಹಸಿರು ಇಳಕಲ್ ಸೀರೆ ಕೊಟ್ಟೆ. ಅಪ್ಪ ಮದುವೆಗೆ ತಂದದ್ದು. ನಾನೇ ನಿಂತು ನಿರಿಗೆ ಹಿಡಿದು ಉಡಿಸಿದೆ, ಸೆರಗಿಗೆ ಪಿನ್ನು ಚುಚ್ಚಿದೆ, ಚೆಂದ ಕಾಣುತ್ತೀ ಎಂದೆ. ಅವಳು ಕನ್ನಡಿ ಕೂಡ ನೋಡಿಕೊಳ್ಳಲಿಲ್ಲ.

ಅತ್ತೆ ನನಗೆ ಅಡುಗೆ ಮುಗಿಸಿ, ಊಟ ಮಾಡಿ, ಗದ್ದಲ ಕಡಿಮೆಯಾದ ಮೇಲೆ ಹೋಗು ಎಂದರು. ಮಧ್ಯಾಹ್ನ ನಾನೊಬ್ಬಳೇ ಹೋದೆ. ಶಾಲೆಯ ಹೊರಗೆ ಹೆಂಗಸರ ಸಾಲು ಸಣ್ಣದಿತ್ತು. ಗಿರಣಿಯಲ್ಲಿ ಭತ್ತ ಒಣಹಾಕುವ ಹೆಂಗಸರು ಅರ್ಧ ತಾಸು ಬಿಡುವು ಕೇಳಿ ಬಂದಿದ್ದರು, ಅವರ ಮೊಣಕೈತನಕ ತೌಡಿನ ಪುಡಿ. ನನ್ನನ್ನು ನೋಡಿ ಮುಂದೆ ಹೋಗಿರಿ ಅಕ್ಕಾರ ಎಂದು ಸರಿದರು. ಇಲ್ಲ, ಇಲ್ಲಿ ಎಲ್ಲರೂ ಒಂದೇ ಎಂದು ಹೇಳಿ ಹಿಂದೆಯೇ ನಿಂತೆ. ಅಪ್ಪನ ಮಗಳಲ್ಲವೇ.

ಒಳಗೆ ಹೋದಾಗ ಅಪ್ಪ ಮೂಲೆಯ ಮೇಜಿನ ಹಿಂದೆ ಕೂತಿದ್ದ. ತುಸು ಇಳಿದಿದ್ದ. ಅಪ್ಪಾ ಎಂದು ಕರೆಯುವ ಆಸೆಯಾಯಿತು. ಡ್ಯೂಟಿಯ ಮೇಲೆ ಇದ್ದಾನೆ, ಕರೆಯಬಾರದು ಎಂದು ತಡೆದುಕೊಂಡೆ. ಅವನೂ ತಲೆ ಎತ್ತಲಿಲ್ಲ. ಪಟ್ಟಿ ನೋಡುತ್ತಿದ್ದ ಹುಡುಗಿ, ಅವಳೂ ಯಾವುದೋ ಶಾಲೆಯ ಟೀಚರ್, ನನ್ನ ಚೀಟಿ ತೆಗೆದುಕೊಂಡು ಸಾಲು ಹುಡುಕಿ, ನನ್ನತ್ತ ನೋಡಿ, ಮತ್ತೆ ಪಟ್ಟಿ ನೋಡಿದಳು. ಈ ಹೆಸರಿನ ಮತ ಬೆಳಿಗ್ಗೆಯೇ ಆಗಿದೆಯಲ್ಲ ಎಂದಳು.

ನಾನು ಎಡಗೈ ಬೆರಳು ಮುಂದೆ ಮಾಡಿದೆ. ಅದರಲ್ಲಿ ಶಾಯಿ ಇರಲಿಲ್ಲ. ಹುಡುಗಿ ಗೊಂದಲಕ್ಕೆ ಬಿದ್ದು ಅಪ್ಪನ ಕಡೆ ನೋಡಿದಳು. ಅಭ್ಯರ್ಥಿಗಳ ಏಜೆಂಟರು ಕೂತ ಬೆಂಚಿನಲ್ಲಿ ನಮ್ಮ ಗಿರಣಿಯ ಗುಮಾಸ್ತರು ಇದ್ದರು. ಅವರು ಕೆಮ್ಮಿ ಕಿಟಕಿಯ ಕಡೆ ತಿರುಗಿದರು. ಪಕ್ಕದಲ್ಲಿದ್ದ ಇನ್ನೊಬ್ಬ ಏಜೆಂಟ್ ಬೇರೆ ಓಣಿಯವರು, ಅವರಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ.

ನನಗೆ ಆಗ ಗಾಬರಿಯಾಗಲಿಲ್ಲ. ಯಾಕೆ ಆಗಬೇಕು, ಅಪ್ಪ ಇದ್ದಾನಲ್ಲ. ಏನೋ ತಪ್ಪಾಗಿದೆ, ಅಪ್ಪ ಈಗ ಸರಿ ಮಾಡುತ್ತಾನೆ. ಅವನ ಮೇಜಿನ ಹತ್ತಿರ ಹೋಗಿ ನಿಂತೆ.

ಅಪ್ಪ ಕಾಗದಗಳ ಮೇಲಿಂದ ಕಣ್ಣೆತ್ತದೆ, ಬಹಳ ಮೆಲ್ಲಗೆ, "ಮನಿಗೆ ಹೋಗವ್ವಾ. ಆಮ್ಯಾಲೆ ಮಾತಾಡೋಣು" ಎಂದ.

ಅವನಿಗೆ ವಿಷಯ ಅರ್ಥವಾಗಿಲ್ಲ ಎಂದು ತಿಳಿದು ಮತ್ತೊಮ್ಮೆ ಹೇಳಿದೆ. ಆಗ ಅವನು ತಲೆ ಎತ್ತಿದ. ಆ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಮಗಳ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿದ್ದಾರೆ ಎಂದು ಈಗಷ್ಟೇ ಕೇಳಿದವನ ಮುಖ ಅದಲ್ಲ. ಬೆಳಿಗ್ಗೆಯಿಂದ ನಾನು ಬರುವುದನ್ನೇ ಕಾಯುತ್ತ, ಬರದಿದ್ದರೆ ಸಾಕು ಎಂದುಕೊಳ್ಳುತ್ತ ಕೂತವನ ಮುಖ. ಬೆಳಿಗ್ಗೆ ಆ ಹುಡುಗಿ ನನ್ನ ಹೆಸರನ್ನು ನಿಯಮದ ಪ್ರಕಾರ ಗಟ್ಟಿಯಾಗಿ ಓದಿರಬೇಕು. ಅಪ್ಪನೇ ಆರಿಸಿ ಇಟ್ಟ ಹೆಸರು ಅದು. ಆ ಕೋಣೆಯಲ್ಲಿ ಆ ಹೆಸರಿನವಳನ್ನು ಬಲ್ಲವರು ಗುಮಾಸ್ತರನ್ನು ಬಿಟ್ಟರೆ ಅವನೊಬ್ಬನೇ.

ನಾನು ಅಲ್ಲಿಂದ ಕದಲಲಿಲ್ಲ.

"ನನಗ ಟೆಂಡರ್ಡ್ ಓಟು ಕೊಡ್ರಿ" ಎಂದೆ.

ಹುಟ್ಟಿದಾಗಿನಿಂದ ಅಪ್ಪನಿಗೆ ನೀನು ಎಂದವಳು ನಾನು. ಅಂದು ಮೊದಲ ಸಲ ರೀ ಎಂದೆ.

ನಿಮ್ಮ ಮತವನ್ನು ಬೇರೆಯವರು ಹಾಕಿ ಹೋಗಿದ್ದರೆ, ನೀವು ನೀವೇ ಎಂದು ಅಧಿಕಾರಿಗೆ ಖಾತ್ರಿಯಾದರೆ, ಅವರು ನಿಮಗೆ ಇನ್ನೊಂದು ಮತಪತ್ರ ಕೊಡಬೇಕು. ಅದು ಪೆಟ್ಟಿಗೆಗೆ ಬೀಳುವುದಿಲ್ಲ. ಬೇರೆ ಲಕೋಟೆಗೆ ಹೋಗುತ್ತದೆ. ನ್ಯಾಯಾಲಯ ಹೇಳಿದ ಹೊರತು ಅದನ್ನು ಎಣಿಸುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವನೇ ಅಪ್ಪ. ಎಷ್ಟು ಚೆನ್ನಾದ ನಿಯಮ ನೋಡು, ಕಳ್ಳತನವಾದರೂ ನಿನ್ನ ಹಕ್ಕಿಗೆ ಒಂದು ಗುರುತು ಉಳಿಯುತ್ತದೆ ಎಂದು ಅವ್ವನಿಗೂ ವಿವರಿಸಿದ್ದ.

ಖಾತ್ರಿ ಮಾಡಿಕೊಳ್ಳಲು ಅಧಿಕಾರಿ ಪ್ರಶ್ನೆ ಕೇಳಬೇಕು. ಏಜೆಂಟರೆಲ್ಲ ನೋಡುತ್ತಿದ್ದರು. ಅಪ್ಪ, "ನಿಮ್ಮ ಹೆಸರೇನು?" ಎಂದ. ಹೇಳಿದೆ. ಗಂಡನ ಹೆಸರು ಕೇಳಿದ. ಹೇಳಿದೆ. ನಿಮ್ಮನ್ನು ಗುರುತಿಸುವವರು ಯಾರಾದರೂ ಇದ್ದಾರೆಯೇ ಎಂದು ಕೇಳಬೇಕಾಗಿತ್ತೋ ಏನೋ, ಅವನು ಬಾಯಿ ತೆರೆಯುವ ಮೊದಲೇ ನಾನೇ ಹೇಳಿದೆ.

"ನನ್ನ ಗುರ್ತು ಇದ್ದೋರು ಈ ಖೋಲಿಯೊಳಗ ಅದಾರ. ಅವರ ಹೇಳಲಿ."

ಅಪ್ಪ ಮತ್ತೇನೂ ಕೇಳಲಿಲ್ಲ. ಬರೆಯಬೇಕಾದ್ದನ್ನು ಬರೆದು ಮತಪತ್ರ ಕೊಟ್ಟ. ನಾನು ಪೂರ್ತಿ ಸಹಿ ಮಾಡಿದೆ. ಮರೆಗೆ ಹೋಗಿ ಮುದ್ರೆ ಒತ್ತಿ, ಮಡಿಸಿ ತಂದು ಅಪ್ಪನ ಕೈಗೇ ಕೊಟ್ಟೆ. ಅವನ ಬೆರಳು ನನ್ನ ಬೆರಳಿಗೆ ತಾಕಿತು. ಅವನು ಅದನ್ನು ಲಕೋಟೆಯಲ್ಲಿ ಇಟ್ಟ.

ಮನೆಗೆ ಬಂದಾಗ ಸುದ್ದಿ ಆಗಲೇ ಬಂದು ಕೂತಿತ್ತು. ನಾದಿನಿ ನಡುಮನೆಯಲ್ಲಿ ಕಂಬಕ್ಕೆ ಒರಗಿ ಅಳುತ್ತಿದ್ದಳು. ಅವಳ ಕೈ ಹಿಡಿದು ನೋಡಿದೆ. ತೋರುಬೆರಳಿಗೆ ಕಪ್ಪು ಶಾಯಿ, ಹೆಬ್ಬೆರಳಿಗೆ ನೇರಳೆ ಬಣ್ಣದ ಪ್ಯಾಡಿನ ಮಸಿ. ನನ್ನ ಸಹಿ ಹೇಗಿರುತ್ತದೆ ಗೊತ್ತಿಲ್ಲವೆಂದು ಹೆಬ್ಬೆಟ್ಟು ಒತ್ತಿ ಬಂದಿದ್ದಳು. ಓದಿದ ಸೊಸೆ ಎಂದು ಊರಿಗೆಲ್ಲ ಹೇಳಿದ ಮನೆಯವರು ನನ್ನ ಮೊದಲ ಮತಕ್ಕೆ ಹೆಬ್ಬೆಟ್ಟು ಒತ್ತಿಸಿದ್ದರು.

"ಅಪ್ಪಾಜಿ ಹೇಳಿದ್ರು ಅತ್ತಿಗಿ, ನಾ ಏನ್ ಮಾಡ್ಲಿ" ಎಂದಳು.

ಮಾವನವರು ಕೂಗಾಡಲಿಲ್ಲ. ಅವರ ಮನಸ್ಸಿಗೆ ಅದು ತಪ್ಪು ಎಂದು ಅನ್ನಿಸಿಯೇ ಇರಲಿಲ್ಲ. ಯಾರಿಗೆ ಹಾಕುತ್ತೇನೆ ಎಂದು ನೀನು ಹೇಳಿದ್ದರೆ ಇದೆಲ್ಲ ಬೇಕಾಗಿಯೇ ಇರಲಿಲ್ಲ, ಮನೆಯ ಓಟು ಮನೆಯವರಿಗೆ ಗೊತ್ತಿರಬೇಕು ಎಂದರು. ಆಮೇಲೆ, ಸಮಾಧಾನ ಹೇಳುವವರ ಧಾಟಿಯಲ್ಲಿ, "ನಿಮ್ಮಪ್ಪಗ ನಿನ್ನಿ ಸಂಜೀಕೆ ಎಲ್ಲಾ ಹೇಳಿ ಬಂದೀನಿ. ಆತ ಒಪ್ಪಿದ ಮ್ಯಾಲ ನಿನಗೇನು?" ಎಂದರು.

ಆಗ ಕ್ಯಾರಿಯರ್ ನೆನಪಾಯಿತು. ಅಪ್ಪ ರೊಟ್ಟಿ ವಾಪಸು ಕಳಿಸಿ, ಉಳಿದದ್ದಕ್ಕೆ ಹೂಂ ಎಂದಿದ್ದ.

ಗಂಡನಿಗೂ ಗೊತ್ತಿತ್ತು. ಒಂದು ಓಟಿಗೆ ಇಷ್ಟೇಕೆ, ಮನೆಯಲ್ಲಿ ಶಾಂತಿ ಇರಲಿ ಎಂದು ಸುಮ್ಮನಿದ್ದೆ ಎಂದರು. ಅತ್ತೆ ಸಂಜೆ ನನ್ನ ಪಕ್ಕ ಬಂದು ಅಕ್ಕಿ ಆರಿಸುತ್ತ ಕೂತು, "ನಂದು ಮೊದಲಿಂದ ಹಿಂಗ. ಓಟು ಹಾಕಾಕ ಒಮ್ಮೆನೂ ಸಾಲೀಗೆ ಹೋಗಿಲ್ಲ ನಾನು" ಎಂದರು. ಅವರು ದೂರು ಹೇಳಿದ್ದೋ ಬುದ್ಧಿ ಹೇಳಿದ್ದೋ ಗೊತ್ತಾಗಲಿಲ್ಲ.

ಅಪ್ಪ ಆ ಸಂಜೆ ಪೆಟ್ಟಿಗೆಗಳ ಜೊತೆ ಹೊರಟುಹೋದ. ಆಮೇಲೆ ಮಾತಾಡೋಣ ಎಂದವನು ನಮ್ಮ ಮನೆಯ ಬಾಗಿಲಿಗೆ ಬರಲಿಲ್ಲ. ಮಾವನವರ ಮನುಷ್ಯ ದೊಡ್ಡ ಅಂತರದಲ್ಲಿ ಗೆದ್ದರು. ನನ್ನ ಒಂದು ಮತ ಇದ್ದರೂ ಹೋದರೂ ಅಲ್ಲಿ ಏನೂ ಆಗುತ್ತಿರಲಿಲ್ಲ. ಲಕೋಟೆಯಲ್ಲಿದ್ದ ನನ್ನ ಮತವನ್ನು ಯಾರೂ ತೆರೆಯಲಿಲ್ಲ.

ನಾಗರಪಂಚಮಿಗೆ ತವರಿಗೆ ಹೋದೆ. ಹೋಗಬಾರದು ಎಂದುಕೊಂಡಿದ್ದೆ. ಅವ್ವನ ಮುಖ ನೆನೆದು ಹೋದೆ. ಅವ್ವ ಹಬ್ಬದ ಉಂಡಿ ಕಟ್ಟುತ್ತಿದ್ದಳು. ಅಪ್ಪ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಹೋಗಿ ಎದುರಿಗೆ ನಿಂತು, ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ.

ಅವನು ಹೇಳಿದ. ಮಾವನವರು ಅವತ್ತು ಸಂಜೆ ಬಂದವರು ಬೆದರಿಸಲಿಲ್ಲವಂತೆ. ನಿಮ್ಮ ಮಗಳು ಬಾಯಿ ಜೋರು ಮಾಡುತ್ತಾಳೆ, ಇಂಥದ್ದು ಬೆಳೆದರೆ ಮುಂದೆ ಅವಳಿಗೇ ಕಷ್ಟ, ಈ ಸಲ ನೀವು ಸುಮ್ಮನಿದ್ದರೆ ನಾವೂ ಎಲ್ಲ ಮರೆಯುತ್ತೇವೆ ಎಂದರಂತೆ. ಅಪ್ಪ ಹೂಂ ಅನ್ನಲಿಲ್ಲವಂತೆ, ಊಹೂಂ ಎಂದೂ ಅನ್ನಲಿಲ್ಲವಂತೆ. ಮರುದಿನ ಏನಾಗುತ್ತದೋ ನೋಡೋಣ ಎಂದುಕೊಂಡನಂತೆ.

"ಮುಂಜಾನೆ ನಿನ್ನ ನಾದಿನಿ ಬಂದಾಗ ಸೀರಿ ನೋಡಿ ನೀನ ಬಂದಿ ಅಂದ್ಕೊಂಡೆ" ಎಂದ. "ಮನಸಿಗೆ ಹಗುರಾತು. ಆಮ್ಯಾಲ ಮಾರಿ ನೋಡಿದೆ. ಎದ್ದು ನಿಂತೆ. ಎದ್ದು ನಿಂತಾವ ಮತ್ತ ಕುಂತೆ."

"ಒಂದು ಮಾತು ಅನ್ನಬೇಕಿತ್ತು, ಅಪ್ಪಾ. ಈಕಿ ನನ್ನ ಮಗಳಲ್ಲ ಅಂತ."

"ಅಂದಿದ್ರ ಆ ಹುಡುಗೀನ ಪೊಲೀಸರ ಕೈಗೆ ಕೊಡಬೇಕಾಗತಿತ್ತು. ನೀ ಆ ಮನಿಯಾಗ ಬಾಳೇವು ಮಾಡಾಕಿ."

"ನನ್ನ ಬಾಳೇವು ನಾ ನೋಡ್ಕೊಂತಿದ್ದೆ. ನನ್ನ ಒಂದು ಮಾತು ಕೇಳಬೇಕಿತ್ತಲ್ಲ ನೀನು."

ಅವನು ನನ್ನ ಒಳ್ಳೆಯದಕ್ಕಾಗಿಯೇ ಮಾಡಿದ್ದ, ಅದರಲ್ಲಿ ನನಗೆ ಅನುಮಾನವಿರಲಿಲ್ಲ. ಆದರೆ ನನ್ನನ್ನು ಕೇಳದೆ ನನ್ನ ಪರವಾಗಿ ತೀರ್ಮಾನ ಮಾಡಿದ್ದ. ಮಾವನವರು ಮಾಡಿದ್ದೂ ಅದನ್ನೇ. ಅವರು ಎಂದೂ ಹಕ್ಕಿನ ಪಾಠ ಹೇಳಿದವರಲ್ಲ, ಹಾಗಾಗಿ ಅವರ ಮೇಲೆ ನನಗೆ ಸಿಟ್ಟು ಬಂತು ಅಷ್ಟೇ. ಅಪ್ಪನ ವಿಷಯದಲ್ಲಿ ಆದದ್ದು ಸಿಟ್ಟಲ್ಲ. ಚಿಕ್ಕಂದಿನಿಂದ ಒರಗಿಕೊಂಡ ಗೋಡೆ ಅಲ್ಲಿರಲೇ ಇಲ್ಲ ಎಂದು ಬೆನ್ನಿಗೆ ಗೊತ್ತಾದ ಹಾಗೆ. ಅವ್ವ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ನಾನು ಹೊರಡುವಾಗ ಉಂಡಿಯ ಡಬ್ಬಿ ಕೈಗಿಟ್ಟು, ಅಪ್ಪ ಆ ಚುನಾವಣೆ ಮುಗಿಸಿ ಬಂದವನು ಎರಡು ಹೊತ್ತು ಉಂಡಿಲ್ಲ ಎಂದಷ್ಟೇ ಹೇಳಿದಳು.

ಮುಂದೆ ನಾನು ಬಿ.ಎಡ್. ಮಾಡಿದೆ. ಗಂಡ ಅಡ್ಡ ಬರಲಿಲ್ಲ. ಮನೆಯಲ್ಲಿ ಮಾತು ಎದ್ದಾಗ ನನ್ನ ಪರ ನಿಂತರು, ಆ ಮಧ್ಯಾಹ್ನದ ಭಾರವನ್ನು ಹಾಗೆ ಇಳಿಸಿಕೊಂಡರು ಎಂದು ಅಂದುಕೊಂಡಿದ್ದೇನೆ. ಸಿರುಗುಪ್ಪದಲ್ಲೇ ಕೆಲಸ ಸಿಕ್ಕಿತು. ಎಂಬತ್ತರ ದಶಕ ಶುರುವಾದ ಮೇಲೆ ಮತ್ತೆ ಚುನಾವಣೆ ಬಂದಾಗ ಹಿಂದಿನ ದಿನವೇ ಮಾವನವರಿಗೆ ಹೇಳಿದೆ, ನಾಳೆ ಬೂತು ತೆರೆಯುವಾಗ ಬಾಗಿಲಲ್ಲಿ ನಾನಿರುತ್ತೇನೆ ಎಂದು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ಅತ್ತೆ, "ತಡಿ, ನಾನೂ ಬರತೀನಿ" ಎಂದರು. ಹೊಸ ಸೀರೆ ಉಟ್ಟಿದ್ದರು. ಮಾವನವರು ಅವರನ್ನು ನೋಡಿದರು, ಮತ್ತೆ ಪೇಪರು ಬಿಡಿಸಿಕೊಂಡರು. ಸಾಲಿನಲ್ಲಿ ಅತ್ತೆ ನನ್ನ ಮುಂಗೈ ಹಿಡಿದೇ ನಿಂತಿದ್ದರು. ಮತದ ವಿಷಯದಲ್ಲಿ ನನಗೆ ಸಿಕ್ಕ ಸಂತೋಷ ಅದೊಂದೇ.

ಅದಾದ ಮೇಲೆ ಒಂದೆರಡು ವರ್ಷಕ್ಕೆ ಅಪ್ಪ ನಿವೃತ್ತನಾದ. ಶಾಲೆಯಲ್ಲಿ ಸಮಾರಂಭ ಇಟ್ಟಿದ್ದರು. ಹಳೆಯ ವಿದ್ಯಾರ್ಥಿಗಳು ದೂರದಿಂದ ಬಂದಿದ್ದರು. ಒಬ್ಬರು ವಕೀಲರಾಗಿದ್ದರು, ತುರ್ತು ಪರಿಸ್ಥಿತಿಯಲ್ಲಿ ಮೇಷ್ಟ್ರು ಹಕ್ಕುಗಳ ಪಾಠ ಮಾಡಿದ್ದನ್ನು ವೇದಿಕೆಯ ಮೇಲೆ ನೆನೆದರು. ದೇಶಕ್ಕೆ ದೇಶವೇ ಅಂಜಿ ಕೂತಿದ್ದಾಗ ನಮ್ಮ ಮೇಷ್ಟ್ರು ಅಂಜಲಿಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ಎರಡನೇ ಸಾಲಿನಲ್ಲಿ ನಾನು, ಗಂಡ, ಮಾವನವರು ಕೂತಿದ್ದೆವು. ಮಾವನವರೂ ಜೋರಾಗಿ ತಟ್ಟಿದರು.

ಅಪ್ಪ ಮಾತಾಡಲು ಎದ್ದ. ನನ್ನ ಕಡೆ ನೋಡಿದ. ಸಿರುಗುಪ್ಪದ ವಿಷಯ ಹೇಳಬೇಕೆಂದು ನಾನು ಬಯಸಿದ್ದಲ್ಲ. ಆ ಹೊಗಳಿಕೆ ಪೂರ್ತಿ ತನ್ನದಲ್ಲ, ತಾನೂ ಒಂದು ಸಲ ಸೋತಿದ್ದೇನೆ ಎಂದು ಹೆಸರು ಊರು ಹೇಳದೆ ಒಂದು ವಾಕ್ಯ ಅಂದರೂ ಸಾಕಿತ್ತು. ನನಗೆ ಅರ್ಥವಾಗುತ್ತಿತ್ತು. ಅಪ್ಪ ಎಲ್ಲರಿಗೂ ಧನ್ಯವಾದ ಹೇಳಿದ, ಪೌರನೀತಿಯನ್ನು ಪರೀಕ್ಷೆಗಾಗಿ ಓದಬೇಡಿ ಎಂದ, ಶಾಲು ಹೊದ್ದುಕೊಂಡು ಕೂತ.

ಗಂಡ, ಮಾವನವರು ಇಬ್ಬರೂ ಮಾರುಕಟ್ಟೆಯಲ್ಲಿ ಕೆಲಸವಿದೆ ಎಂದು ಉಳಿದರು. ಅಪ್ಪ ನನ್ನನ್ನು ಬಸ್ಸಿಗೆ ಬಿಡಲು ಬಂದ. ಶಾಲು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಬಸ್ಸು ಇನ್ನೂ ಬಂದಿರಲಿಲ್ಲ. ಇವತ್ತು ಏನಾದರೂ ಹೇಳುತ್ತೀ ಅಂದುಕೊಂಡಿದ್ದೆ ಎಂದೆ.

"ಧೈರ್ಯ ಆಗ್ಲಿಲ್ಲ" ಎಂದ. ಶಾಲನ್ನು ಇನ್ನೊಂದು ಕಂಕುಳಿಗೆ ಬದಲಿಸಿ, "ಸರಕಾರ ನನಗೇನು ಮಾಡ್ತಿತ್ತು, ವರ್ಗಾ ಮಾಡ್ತಿತ್ತು, ಇಲ್ಲಾ ಜೈಲಿಗೆ ಹಾಕ್ತಿತ್ತು. ನನಗ ಆಗೋದು ಅದು. ಬೀಗರ ಮುಂದ ಹಂಗಲ್ಲ. ಅಲ್ಲಿ ಪೆಟ್ಟು ನಿನಗ ಬೀಳತಿತ್ತು. ನಿನ್ನ ಸಲುವಾಗಿ ಅಂಜಿದೆ."

"ನನ್ನ ಪಾಲಿನ ಅಂಜಿಕಿ ನಾನ ಅಂಜತಿದ್ದೆಪಾ" ಎಂದೆ. "ಅದನ್ನೂ ನೀ ತಗೊಂಡಿ."

ಬಸ್ಸು ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಪ್ಪ ಕೆಳಗೆ ನಿಂತು ಸೀಬೆಹಣ್ಣು ಕೊಂಡು ಒಳಗೆ ಕೊಟ್ಟ, ಮೊಮ್ಮಕ್ಕಳಿಗೆ ಎಂದ. ತೆಗೆದುಕೊಂಡೆ. ಬಸ್ಸು ಹೊರಟಿತು.

ಆಮೇಲೆ ಅಪ್ಪ ಬಹಳ ವರ್ಷ ಇದ್ದ. ಬೇಸಿಗೆಯಲ್ಲಿ ಸಿರುಗುಪ್ಪಕ್ಕೆ ಬಂದು ನಮ್ಮ ಮನೆಯಲ್ಲಿ ಇರುತ್ತಿದ್ದ, ಮಾವನವರ ಜೊತೆ ಕಟ್ಟೆಯ ಮೇಲೆ ಕೂತು ಭತ್ತದ ಬೆಲೆ, ಕಾಲುವೆಯ ನೀರು, ದೆಹಲಿಯ ರಾಜಕೀಯ ಎಲ್ಲ ಮಾತಾಡುತ್ತಿದ್ದ. ನನ್ನ ಮಕ್ಕಳಿಗೆ ಪೌರನೀತಿ ಹೇಳಿಕೊಡುತ್ತಿದ್ದ, ಮೊದಲಿನಷ್ಟೇ ಚೆನ್ನಾಗಿ. ನಾನು ಒಳಗೆ ಕೆಲಸ ಮಾಡುತ್ತ ಕೇಳಿಸಿಕೊಳ್ಳುತ್ತಿದ್ದೆ. ಅವನ ಒಂದು ಮಾತೂ ಸುಳ್ಳಾಗಿರುತ್ತಿರಲಿಲ್ಲ. ಊಟಕ್ಕೆ ಕರೆಯುತ್ತಿದ್ದೆ, ಬಡಿಸುತ್ತಿದ್ದೆ, ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳುತ್ತಿದ್ದೆ. ಆದರೆ ಏನಾದರೂ ದೊಡ್ಡದನ್ನು ತೀರ್ಮಾನಿಸಬೇಕಾಗಿ ಬಂದಾಗ, ಮೊದಲಿನ ಹಾಗೆ ಅಪ್ಪನನ್ನು ಒಂದು ಮಾತು ಕೇಳೋಣ ಎಂದು ನನಗೆ ಮತ್ತೆಂದೂ ಅನ್ನಿಸಲಿಲ್ಲ.